ಎರಡೂಕಾಲು ವರ್ಷ, ಹತ್ತೇ ಪದ: ಮೊದಲು ಕಿವಿ ಪರೀಕ್ಷೆ, ಆಮೇಲೆ ಊಟದ ಮೊಬೈಲ್

ಮಗನಿಗೆ ಹೇಳಿದ್ದೆಲ್ಲ ಅರ್ಥವಾಗುತ್ತೆ, ಆಡೋದು ಮಾತ್ರ ಹತ್ತು ಪದ, ಮೊಬೈಲ್ ಇಲ್ಲದೆ ಊಟವಿಲ್ಲ ಅಂದಿದ್ದೀರಿ. ಆ ಮೊಬೈಲೂ ಒಂದು ಕಾರಣವಿರಬಹುದು, ಮಾತಿಗೆ ಮರುಮಾತು ಸಿಗುವ ಹೊತ್ತನ್ನು ಅದು ನುಂಗುತ್ತಿದೆ. ನನ್ನ ಮಗಳಿಗೂ ಹೀಗೇ ಆಗಿತ್ತು. ಆದರೂ ಕಿವಿ ಪರೀಕ್ಷೆಯಾಗದೆ ಖಚಿತವಾಗಿ ಹೇಳಲಾಗದು. ಕರೆದಾಗ ತಿರುಗುವ ಮಗುವಿಗೂ ಕೆಲವು ಧ್ವನಿಗಳು ಕೇಳದಿರಬಹುದು. ಮೊದಲು ಆ ಪರೀಕ್ಷೆ ಮಾಡಿಸಿ. ಮೈಸೂರು ಹತ್ತಿರವಾದರೆ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೇ ಹೋಗಿ.

ಆಮೇಲೆ ಊಟದ ಮೊಬೈಲ್ ಪೂರ್ತಿ ನಿಲ್ಲಿಸಿ. ಕೆಲವು ದಿನ ಅಳಬಹುದು, ಕಡಿಮೆ ತಿನ್ನಬಹುದು, ಸೋಲಬೇಡಿ. ತುತ್ತು ಹಿಡಿದು "ಸಾರು ಬೇಕಾ, ಮೊಸರು ಬೇಕಾ?" ಅಂತ ಕೇಳಿ, ಮನಸ್ಸಲ್ಲೇ ಹತ್ತರವರೆಗೆ ಎಣಿಸಿ ಕಾಯಿರಿ. ಎಲ್ಲಕ್ಕಿಂತ ಕಷ್ಟ ಈ ಕಾಯುವುದೇ, ನಾವೇ ಉತ್ತರ ಹೇಳಿಬಿಡುತ್ತೇವೆ. ಅವನು "ಮೊ" ಅಂದರೂ ಸಾಕು, "ಹೂಂ, ಮೊಸರು! ತಣ್ಣನೆ ಮೊಸರು" ಅಂತ ಬೆಳೆಸಿ. "ಸರಿಯಾಗಿ ಹೇಳು" ಅಂತ ಒತ್ತಾಯ ಬೇಡ. ಸ್ನಾನದಲ್ಲಿ ಕೈ, ಕಾಲು, ನೀರು ಅಂತ ಹೆಸರು ಹೇಳುತ್ತಿರಿ. ಮಲಗುವ ಮುಂಚೆ ಒಂದೇ ಚಿತ್ರಪುಸ್ತಕ, ದಿನಾ ಅದೇ.

ಇಂಗ್ಲಿಷ್ ಕಲಿಯಲಿ ಅಂತ ಕನ್ನಡ ಬಿಡಬೇಡಿ. ಎರಡು ಭಾಷೆ ಕೇಳಿದ್ದರಿಂದ ಮಾತು ತಡವಾಗುವುದಿಲ್ಲ.

ಎರಡು ವರ್ಷಕ್ಕೆ "ಅಮ್ಮ ಬಾ" ಥರ ಎರಡು ಪದ ಕೂಡಿಸಬೇಕು. ಹಾಗಾಗಿ ಕಿವಿ ಸರಿಯಿದ್ದರೂ ವಾಕ್ ಚಿಕಿತ್ಸಕರಿಗೆ ಈಗಲೇ ತೋರಿಸಿ. ಬೆರಳು ತೋರಿಸಿ ಕೇಳುವುದಿಲ್ಲ, ಇಲ್ಲವೇ ಬರುತ್ತಿದ್ದ ಪದಗಳು ನಿಂತಿವೆ ಅಂದರೆ ಈ ವಾರವೇ ಹೋಗಿ.