ಶುಗರ್ ಇದೆ ಅಂತ ಬರೆಯಬೇಕಾ?

ಪ್ರಶ್ನೆ: ಅಪ್ಪನಿಗೆ 62 ವರ್ಷ, ಎಂಟು ವರ್ಷದಿಂದ ಶುಗರ್ ಇದೆ. ಅವರು ತಿಪಟೂರಿನಲ್ಲಿ, ನಾನು ಬೆಂಗಳೂರಿನಲ್ಲಿ. ಆರೋಗ್ಯ ವಿಮೆ ಮಾಡಿಸೋಣ ಅಂತ ಪಾಲಿಸಿಗಳನ್ನು ಹೋಲಿಸಿ ತೋರಿಸುವ ಒಂದು ವೆಬ್‌ಸೈಟಿನಲ್ಲಿ ಫೋನ್ ನಂಬರ್ ಕೊಟ್ಟೆ. ಅವತ್ತಿನಿಂದ ಕರೆ ನಿಂತಿಲ್ಲ. ಒಬ್ಬರು 'ಶುಗರ್ ವಿಷಯ ಬರೆಯಬೇಡಿ, ಪ್ರೀಮಿಯಂ ಜಾಸ್ತಿ ಆಗುತ್ತೆ' ಅಂದರು. ಏನು ಮಾಡಲಿ ಮೇಡಂ?

ಉತ್ತರ: ದಯವಿಟ್ಟು ಬರೆಯಿರಿ. ಎಷ್ಟು ವರ್ಷದಿಂದ ಇದೆ, ಯಾವ ಮಾತ್ರೆ ತಗೊಳ್ತಾರೆ, ಎಲ್ಲವನ್ನೂ. ನಾಳೆ ಆಸ್ಪತ್ರೆಗೆ ಸೇರಿದಾಗ ಡಾಕ್ಟರು ಕೇಳುತ್ತಾರೆ, ಅಪ್ಪ ಇದ್ದದ್ದನ್ನೇ ಹೇಳುತ್ತಾರೆ, ಅದು ಕೇಸ್ ಶೀಟಿಗೆ ಬರುತ್ತದೆ ಅಲ್ವಾ? ಆ ಹಾಳೆ ನೋಡಿ ಕಂಪನಿ ಕ್ಲೇಮ್ ನಿರಾಕರಿಸಬಹುದು, ಪಾಲಿಸಿಯನ್ನೇ ರದ್ದು ಮಾಡಬಹುದು. ಆಗ ಈ ಫೋನ್ ಮಾಡಿದವರು ನಿಮ್ಮ ಜೊತೆ ಇರುವುದಿಲ್ಲ. ನಿಜ ಹೇಳಿದರೆ ಮೊದಲಿಂದ ಇದ್ದ ಕಾಯಿಲೆಯ ಕ್ಲೇಮಿಗೆ ಇಷ್ಟು ವರ್ಷ ಕಾಯಬೇಕು ಅಂತ ಷರತ್ತು ಹಾಕುತ್ತಾರೆ, ಇದನ್ನೇ ವೈಟಿಂಗ್ ಪೀರಿಯಡ್ ಅನ್ನೋದು. 2024ರ ನಿಯಮದ ಪ್ರಕಾರ ಅದು 3 ವರ್ಷ ದಾಟುವಂತಿಲ್ಲ, ಹಿಂದೆ 4 ಇತ್ತು.

ಹೋಲಿಸುವ ವೆಬ್‌ಸೈಟಿನಿಂದ ಎರಡು ಮೂರು ಪಾಲಿಸಿ ಹೆಸರು ಬರೆದುಕೊಳ್ಳಿ, ಅಷ್ಟು ಸಾಕು. ಆಮೇಲೆ ನೇರ ಆ ಕಂಪನಿಗಳ ವೆಬ್‌ಸೈಟಿಗೆ ಹೋಗಿ 'ಪಾಲಿಸಿ ವರ್ಡಿಂಗ್ಸ್' ಅನ್ನುವ ಪಿಡಿಎಫ್ ಇಳಿಸಿಕೊಳ್ಳಿ. ಅದಕ್ಕೆ ಸಾಮಾನ್ಯವಾಗಿ ಫೋನ್ ನಂಬರ್ ಕೇಳುವುದಿಲ್ಲ. ಉದ್ದ ಇರುತ್ತದೆ, ಪೂರ್ತಿ ಓದಲು ಆಗದಿದ್ದರೆ ರೂಮ್ ರೆಂಟ್, ಕೋ-ಪೇ, ವೈಟಿಂಗ್ ಪೀರಿಯಡ್ ಈ ಮೂರು ಪದ ಹುಡುಕಿ ಆ ಭಾಗವನ್ನಾದರೂ ನಿಧಾನಕ್ಕೆ ಓದಿ.

ರೂಮ್ ಬಾಡಿಗೆಯಲ್ಲೇ ಜನ ಜಾಸ್ತಿ ಏಟು ತಿನ್ನೋದು. 5 ಲಕ್ಷದ ಪಾಲಿಸಿಯಲ್ಲಿ ಬಾಡಿಗೆ ಮಿತಿ ಶೇ. 1 ಅಂತಿದ್ದರೆ ದಿನಕ್ಕೆ 5,000 ರೂಪಾಯಿ. ನೀವು 10,000ದ ರೂಮಿಗೆ ಸೇರಿಸಿದಿರಿ ಅನ್ನಿ, ಬಾಡಿಗೆ ಮಾತ್ರ ಅರ್ಧ ಕೊಡುತ್ತಾರೆ ಅಂದುಕೊಳ್ಳಬೇಡಿ, ಡಾಕ್ಟರ ಫೀಸು, ಆಪರೇಷನ್ ಥಿಯೇಟರ್ ಖರ್ಚು ಕೂಡ ಅದೇ ಲೆಕ್ಕದಲ್ಲಿ ಅರ್ಧಕ್ಕೆ ಇಳಿಯಬಹುದು. ಔಷಧಿ, ಸ್ಟೆಂಟ್‌ನಂಥದ್ದಕ್ಕೆ ಈ ಕಡಿತ ಇಲ್ಲ. ಕೋ-ಪೇ ಶೇ. 20 ಅಂದರೆ ಪ್ರತಿ ಕ್ಲೇಮಿನಲ್ಲೂ ಐದನೇ ಒಂದು ಭಾಗ ನಿಮ್ಮ ಕೈಯಿಂದ. ಪ್ರೀಮಿಯಂ ಕಡಿಮೆ ಕಂಡರೆ ಮೊದಲು ಇದನ್ನೇ ನೋಡಿ.

ಹಳೇ ಲೇಖನಗಳನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ. ಶೇ. 18 ಜಿಎಸ್‌ಟಿ ಅಂತ ಈಗಲೂ ಕಣ್ಣಿಗೆ ಬಿದ್ದೀತು, ಆದರೆ 2025ರ ಸೆಪ್ಟೆಂಬರ್ 22ರಿಂದ ನಾವು ನಾವೇ ಮಾಡಿಸುವ ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ. ಇನ್ನು, ಕ್ಯಾಶ್‌ಲೆಸ್ ಆಸ್ಪತ್ರೆಗಳ (ಬಿಲ್ಲನ್ನು ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವಂಥವು) ಪಟ್ಟಿಯಲ್ಲಿ ಬೆಂಗಳೂರು ನೋಡಿ ಸುಮ್ನಾಗಬೇಡಿ, ಅಪ್ಪ ಇರುವುದು ತಿಪಟೂರಿನಲ್ಲಿ. ಅಲ್ಲಿ, ತುಮಕೂರಿನಲ್ಲಿ ಯಾವುದಿದೆ ನೋಡಿ, ಆ ಆಸ್ಪತ್ರೆಗೇ ಒಂದು ಫೋನ್ ಮಾಡಿ ಕೇಳಿ.

ಪಾಲಿಸಿ ಬಂದ ದಿನವೇ ಅದರ ಜೊತೆಗಿರುವ ಅರ್ಜಿಯ ಪ್ರತಿ ತೆಗೆದು ನೋಡಿ. ಫೋನಿನಲ್ಲಿ ನೀವು ಹೇಳಿದ್ದೇ ಬೇರೆ, ಅವರು ತುಂಬಿದ್ದೇ ಬೇರೆ ಆಗಿರಬಹುದು. ಶುಗರ್ ಮುಂದೆ 'ಇಲ್ಲ' ಅಂತಿದ್ದರೆ ತಕ್ಷಣ ಬರವಣಿಗೆಯಲ್ಲಿ ತಿದ್ದಿಸಿ. ತಿದ್ದಿಕೊಡದಿದ್ದರೆ, ಪಾಲಿಸಿ ಕೈಸೇರಿದ 30 ದಿನದೊಳಗೆ ವಾಪಸ್ ಕೊಡಬಹುದು.