ಬ್ಲೂ ಕಟ್ ಲೆನ್ಸ್ ಹಾಕಿಸಲೇಬೇಕೇ?

ಪ್ರಶ್ನೆ: ದಿನಕ್ಕೆ ಒಂಬತ್ತು ತಾಸು ಕಂಪ್ಯೂಟರ್ ಕೆಲಸ. ಸಂಜೆಯಾದರೆ ಕಣ್ಣುರಿ, ಅಕ್ಷರ ಮಂಜು. ನೀಲಿ ಬೆಳಕು ತಡೆಯುವ ಬ್ಲೂ ಕಟ್ ಲೆನ್ಸ್ ಹಾಕದಿದ್ದರೆ ರೆಟಿನಾ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರ) ಹಾಳಾಗುತ್ತದೆ ಎಂದು ಕನ್ನಡಕದ ಅಂಗಡಿಯವರು ಹೇಳಿದರು. ನಿಜವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ಹೆದರಬೇಡಿ. ಪರದೆಯ ಬೆಳಕಿನಿಂದ ರೆಟಿನಾ ಹಾಳಾಗುತ್ತದೆ ಎನ್ನಲು ಪುರಾವೆಯಿಲ್ಲ. ಮೋಡ ಕವಿದ ದಿನ ಅಂಗಳದಲ್ಲಿ ನಿಂತರೂ ಅದಕ್ಕಿಂತ ಹೆಚ್ಚು ನೀಲಿ ಬೆಳಕು ಕಣ್ಣಿಗೆ ಬೀಳುತ್ತದೆ. 17 ಪ್ರಯೋಗಗಳನ್ನು ಪರಿಶೀಲಿಸಿದ ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2023ರ ವರದಿಯ ಪ್ರಕಾರ, ಕಣ್ಣಿನ ಆಯಾಸ ತಗ್ಗಿಸುವಲ್ಲಿ ಈ ಲೆನ್ಸ್ ಸಾಮಾನ್ಯ ಲೆನ್ಸ್‌ಗಿಂತ ಮೇಲೇನಲ್ಲ. ಆ ದುಡ್ಡು ಉಳಿಸಿ.

ಉರಿಗೆ ಕಾರಣ ಬಹುಶಃ ನಿಮ್ಮ ರೆಪ್ಪೆಗಳು. ನಿಮಿಷಕ್ಕೆ ಸುಮಾರು 15 ಸಲ ಮಿಟುಕಬೇಕಾದವು ಪರದೆ ನೋಡುವಾಗ 5–7 ಸಲಕ್ಕೆ ಇಳಿಯುತ್ತವೆ, ಅದೂ ಅರ್ಧಂಬರ್ಧ. ಕಣ್ಣೀರಿನ ತೆಳು ಪದರ ಅಲ್ಲಲ್ಲಿ ಒಡೆದು ಒಣಗಿದಾಗಲೇ ಅಕ್ಷರ ಮಂಜಾಗುವುದು. ಕಣ್ಣು ಪೂರ್ತಿ ಮುಚ್ಚಿ ತೆರೆದ ಕೂಡಲೇ ತಿಳಿಯಾದರೆ ಇದೇ ಎಂದುಕೊಳ್ಳಿ. ಫ್ಯಾನ್, ಎಸಿ ಗಾಳಿ ಮುಖಕ್ಕೆ ಹೊಡೆಯದಿರಲಿ. ಪರದೆ 50–60 ಸೆಂ.ಮೀ. ದೂರ, ಅದರ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ. 20 ನಿಮಿಷಕ್ಕೊಮ್ಮೆ 20 ಅಡಿ ಆಚೆಗೆ 20 ಸೆಕೆಂಡು ನೋಡಿ, ಹತ್ತು ಸಲ ರೆಪ್ಪೆ ಪೂರ್ತಿ ಮುಚ್ಚಿ ತೆರೆಯಿರಿ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಕೃತಕ ಕಣ್ಣೀರು (ಕಣ್ಣು ತೇವವಾಗಿಡುವ ಹನಿ) ಬೇಕೆನಿಸಿದರೆ ಪ್ರಿಸರ್ವೇಟಿವ್ (ಕೆಡದಂತೆ ಬೆರೆಸುವ ರಾಸಾಯನಿಕ) ಇಲ್ಲದ್ದನ್ನೇ ಕೇಳಿ ಪಡೆಯಿರಿ. ನಲವತ್ತು ದಾಟಿದ್ದರೆ ಹತ್ತಿರದ ದೃಷ್ಟಿಯ ನಂಬರ್ ಪರೀಕ್ಷಿಸಿಕೊಳ್ಳಿ.

ನೀಲಿ ಬೆಳಕು ಕಾಡುವುದು ನಿದ್ದೆಯನ್ನು. ರಾತ್ರಿ ಅದು ನಿದ್ದೆಗೆ ನೆರವಾಗುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ, ಹಾಗಾಗಿ ಮಲಗುವ ಒಂದೆರಡು ತಾಸು ಮೊದಲೇ ಮೊಬೈಲ್ ಬದಿಗಿಡಿ.

ಒಂದೇ ಕಣ್ಣು ನೋಯುವುದು, ಬೆಳಕು ಸಹಿಸಲಾಗದಿರುವುದು, ದೃಷ್ಟಿ ದಿಢೀರ್ ಕುಂದುವುದು ಆಯಾಸದ ಲಕ್ಷಣವಲ್ಲ; ಅಂದೇ ನೇತ್ರತಜ್ಞರಿಗೆ ತೋರಿಸಿ.