ಅಕ್ವಾವಿಟ್ ಬಾಟಲಿಯನ್ನು ಫ್ರೀಜರಿನಲ್ಲಿ ಇಡಬೇಕೇ?

ನಾರ್ವೆಯ ಸಹೋದ್ಯೋಗಿಯ ಮನೆಗೆ ಕ್ರಿಸ್‌ಮಸ್ ಊಟಕ್ಕೆ ಹೊರಟಿದ್ದೀರಿ. ಅಲ್ಲಿನವರು ಹಬ್ಬದೂಟಕ್ಕೆ ಕುಡಿಯುವ ಗಟ್ಟಿ ಮದ್ಯವಾದ ಅಕ್ವಾವಿಟ್‌ನಲ್ಲಿ ಯಾವುದನ್ನು ಒಯ್ಯಲಿ, ಫ್ರೀಜರಿನಲ್ಲಿಟ್ಟು ಒಂದೇ ಗುಟುಕಿಗೆ ಕುಡಿಯಬೇಕೇ ಎಂದು ಕೇಳಿದ್ದೀರಿ. ಫ್ರೀಜರ್ ಎಂಬ ಮಾತು ಓದುತ್ತಲೇ ನನ್ನ ಎದೆ ಧಸಕ್ಕೆಂದಿತು.

ನಾನು ನಾರ್ವೆಯ ಟ್ರಾಂಡ್‌ಹೈಮ್ ಊರಿಗೆ ಕೆಲಸಕ್ಕೆ ಬಂದ ಮೊದಲ ಡಿಸೆಂಬರ್ ಅದು. ಸಹೋದ್ಯೋಗಿಯೊಬ್ಬಳು ತನ್ನ ತಂದೆಯ ಮನೆಗೆ ಕರೆದಿದ್ದಳು. ಉಪ್ಪು ಹಾಕಿ ಒಣಗಿಸಿದ ಕುರಿಯ ಪಕ್ಕೆಲುಬು ಬರ್ಚ್ ಮರದ ಕಡ್ಡಿಗಳ ಮೇಲೆ ಹಬೆಯಲ್ಲಿ ಬೇಯುತ್ತಿತ್ತು. ಕಪಾಟಿನ ಮೇಲೆ ಲಿನಿಯೆ ಎಂಬ ಬ್ರ್ಯಾಂಡಿನ ಹೊಂಬಣ್ಣದ ಅಕ್ವಾವಿಟ್ ಬಾಟಲಿ ಇತ್ತು. ಇವರು ತಣ್ಣಗೆ ಮಾಡಲು ಮರೆತಿದ್ದಾರೆ ಎಂದುಕೊಂಡೆ. ನೆರವಾಗುವ ಹುಮ್ಮಸ್ಸಿನಲ್ಲಿ ಯಾರನ್ನೂ ಕೇಳದೆ ಅದನ್ನು ಫ್ರೀಜರಿಗೆ ಸೇರಿಸಿದೆ.

ಹೀಗೆ ತಣ್ಣಗೆ ಮಾಡುವುದನ್ನು ನಾನು ಕಲಿತದ್ದು ಕೋಪನ್‌ಹೇಗನ್‌ನ ಗೆಳೆಯನಿಂದ. ಡೆನ್ಮಾರ್ಕಿನಲ್ಲಿ ಹೆರಿಂಗ್ ಮೀನಿನ ಜೊತೆ ಕುಡಿಯುವ ಬಿಳಿ ಅಕ್ವಾವಿಟ್ ಮಂಜಿನಷ್ಟು ತಣ್ಣಗಿರಬೇಕು, ಅಲ್ಲಿ ಅದು ಸರಿ. ನಾರ್ವೆಯದು ಬೇರೆ. ಆಲೂಗಡ್ಡೆಯ ಮದ್ಯಕ್ಕೆ ಜೀರಿಗೆಯ ದಾಯಾದಿಯಾದ ಕ್ಯಾರವೇ ಬೀಜದ ಪರಿಮಳ ಕೂಡಿಸಿ, ಸಾಮಾನ್ಯವಾಗಿ ಶೆರಿ ಎಂಬ ದ್ರಾಕ್ಷಿ ಮದ್ಯ ತುಂಬಿದ್ದ ಓಕ್ ಮರದ ಪೀಪಾಯಿಗಳಲ್ಲಿ ಹದಗೊಳಿಸುತ್ತಾರೆ. ಚಳಿ ಹಿಡಿದರೆ ಮರದ ವಾಸನೆಯೂ ಬೀಜದ ವಾಸನೆಯೂ ಮುದುಡಿಬಿಡುತ್ತವೆ. ಅದನ್ನು ಕೋಣೆಯ ಬಿಸಿಯಲ್ಲೇ, ಉಪ್ಪು ಮಾಂಸದ ತುತ್ತುಗಳ ನಡುವೆ, ಸ್ವಲ್ಪ ಸ್ವಲ್ಪವೇ ಹೀರಬೇಕು.

ಅದಾದರೂ ಸಣ್ಣ ಅಪಚಾರ. ದೊಡ್ಡದು ಬೇರೆಯೇ ಇದೆ. ಲಿನಿಯೆ ಎಂದರೆ ರೇಖೆ, ಅಂದರೆ ಭೂಮಧ್ಯರೇಖೆ. 1805ರಲ್ಲಿ ಟ್ರಾಂಡ್‌ಹೈಮ್‌ನಿಂದ ಬಟಾವಿಯಾಕ್ಕೆ, ಇಂದಿನ ಜಕಾರ್ತಾಕ್ಕೆ, ಹೋದ ಹಡಗು ಮಾರಾಟವಾಗದ ಅಕ್ವಾವಿಟ್ ಪೀಪಾಯಿಗಳನ್ನು 1807ರಲ್ಲಿ ವಾಪಸು ತಂದಿತು. ರುಚಿ ನೋಡಿದರೆ ಮೊದಲಿಗಿಂತ ಸೊಗಸಾಗಿತ್ತು. ಇಂದಿಗೂ ಪೀಪಾಯಿಗಳು ಹಡಗೇರಿ ಆಸ್ಟ್ರೇಲಿಯಾಕ್ಕೆ ಹೋಗಿ, ರೇಖೆಯನ್ನು ಎರಡು ಸಲ ದಾಟಿ ಬರುತ್ತವೆ. ಯಾವ ಹಡಗು, ಯಾವಾಗ ದಾಟಿತು ಎಂಬುದು ಬಾಟಲಿಗೆ ಅಂಟಿಸಿದ ಚೀಟಿಯ ಒಳಮೈಯಲ್ಲಿ ಅಚ್ಚಾಗಿರುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿದು, ಮದ್ಯದ ಮೂಲಕವೇ ಓದಬೇಕು.

ಸಹೋದ್ಯೋಗಿಯ ತಂದೆ, ಆ ಹಿರಿಯರು, ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸಿ, ಎಲ್ಲರಿಂದಲೂ ಅದನ್ನು ಓದಿಸುವವರಿದ್ದರು. ಫ್ರೀಜರಿನಿಂದ ತೆಗೆದಾಗ ಗಾಜಿನ ತುಂಬ ಮಂಜು. ಹೆಬ್ಬೆರಳಿನಿಂದ ಉಜ್ಜಿದರು, ಮತ್ತೆ ಮಬ್ಬಾಯಿತು. ಏನೂ ಅನ್ನದೆ ಪಕ್ಕಕ್ಕಿಟ್ಟು ಊಟ ಬಡಿಸಿದರು. ಯೌವನದಲ್ಲಿ ಅವರು ಆಸ್ಟ್ರೇಲಿಯಾ ದಾರಿಯ ಹಡಗುಗಳಲ್ಲಿ ದುಡಿದಿದ್ದರಂತೆ. ಪ್ರತಿ ಕ್ರಿಸ್‌ಮಸ್‌ಗೂ ಚೀಟಿ ಓದಿದ ಮೇಲೆ ಆ ಕಥೆ ಹೇಳುತ್ತಿದ್ದರಂತೆ. ಅಂದು ಹೇಳಲಿಲ್ಲ. ಮರುವರ್ಷದಿಂದ ಚಳಿಗಾಲ ಕಳೆಯಲು ಸ್ಪೇನಿಗೆ ಹೋಗತೊಡಗಿದರು. ಇದೆಲ್ಲ ನನಗೆ ಮಗಳಿಂದ ಗೊತ್ತಾಯಿತು, ಅವರ ಬಾಯಿಂದ ಕೇಳುವ ಭಾಗ್ಯ ತಪ್ಪಿಹೋಯಿತು.

ಆದ್ದರಿಂದ ಯಾವ ಬ್ರ್ಯಾಂಡ್ ಎಂಬ ಪ್ರಶ್ನೆಯನ್ನೇ ಬಿಡಿ. ಬಾಟಲಿ ಒಯ್ಯಲೇಬೇಡಿ, ಆ ಮನೆಯವರು ತಮ್ಮದನ್ನು ಆರಿಸಿಟ್ಟಿರುತ್ತಾರೆ. ಹೂವು ಒಯ್ಯಿರಿ. ಕಾರು ಬೇಡ, ಅಲ್ಲಿ ರಕ್ತದಲ್ಲಿ ಮದ್ಯದ ಮಿತಿ ಸಾವಿರಕ್ಕೆ 0.2 ಮಾತ್ರ. ಲೋಟ ಎತ್ತಿ ಶುಭ ಕೋರುತ್ತ ‘ಸ್ಕೋಲ್’ ಎಂದಾಗ ಎದುರಿನವರ ಕಣ್ಣು ನೋಡಿ, ಒಂದು ಗುಟುಕು ಹೀರಿ, ಮತ್ತೆ ಕಣ್ಣು ನೋಡಿ ಲೋಟ ಇಳಿಸಿ. ಕುಡಿಯದಿದ್ದರೂ ಚಿಂತೆಯಿಲ್ಲ, ನೀರಿನ ಲೋಟ ಎತ್ತಿ. ಮೇಜಿನ ಮೇಲೆ ಲಿನಿಯೆ ಇದ್ದರೆ ಬಾಟಲಿಯನ್ನು ದೀಪಕ್ಕೆ ಹಿಡಿದು ಹಡಗಿನ ಹೆಸರನ್ನು ಗಟ್ಟಿಯಾಗಿ ಓದಿ, ಮನೆಯ ಹಿರಿಯರ ಕಡೆ ತಿರುಗಿ.